41 ಕಿಲೋ ರದ್ದಿ

ಲಕ್ಷ್ಮೇಶ್ವರದ ನಮ್ಮ ಹಳೆ ಮನೆ ಖಾಲಿ ಮಾಡಿದ ದಿನ ನಾನು 41 ಕಿಲೋ ಕಾಗದ ಮಾರಿದೆ. ಕಿಲೋಗೆ 12 ರೂಪಾಯಿ. ತಕ್ಕಡಿಯೂ ರದ್ದಿಯವನದೇ, ಲೆಕ್ಕವೂ ಅವನದೇ. 492 ಆಯಿತು. 490 ಕೊಟ್ಟು ಎರಡು ರೂಪಾಯಿ ಚಿಲ್ಲರೆ ಇಲ್ಲ ಅಂದ. ಇರಲಿ ಬಿಡು ಅಂದೆ. ಆ ಎರಡು ರೂಪಾಯಿ ಬಿಟ್ಟದ್ದಕ್ಕೆ ಅವತ್ತು ನನಗೆ ನಾನೇ ದೊಡ್ಡ ಮನಸ್ಸಿನವನ ಹಾಗೆ ಕಂಡಿದ್ದೆ.

ಅಟ್ಟದ ಮೇಲೆ ಕೆಂಪು ಅರಿವೆಯಲ್ಲಿ ಕಟ್ಟಿದ ಏಳು ಗಂಟು ಇದ್ದವು. ಅಜ್ಜನ ಕಾಲದವು. ಅಜ್ಜ ಹತ್ತಿ ವ್ಯಾಪಾರ ಮಾಡುತ್ತಿದ್ದರು. ಗಂಟಿನಲ್ಲಿ ಏನಿದೆ ಅಂತ ನಾವ್ಯಾರೂ ಬಿಚ್ಚಿ ನೋಡಿದವರಲ್ಲ. ಅವ್ವ ಮಾತ್ರ ಪ್ರತಿ ದೀಪಾವಳಿ ಪಾಡ್ಯಕ್ಕೆ ಏಣಿ ಹತ್ತಿ, ಧೂಳು ಜಾಡಿಸಿ, ಒಂದೊಂದಕ್ಕೂ ಕುಂಕುಮ ಹಚ್ಚಿ ಇಳಿಯುತ್ತಿದ್ದಳು. ಅವ್ವ ಹೋದ ಮೇಲೆ ಮನೆಯೂ ಬೇಡವಾಯಿತು. ನಾನು ಹುಬ್ಬಳ್ಳಿಯಲ್ಲಿ, ತಮ್ಮ ಪುಣೆಯಲ್ಲಿ. ಯಾರು ಏರಬೇಕು ಆ ಏಣಿ? ರದ್ದಿಯವನು ಗಂಟು ಬಿಚ್ಚಿ ಕಾಗದ ಅಷ್ಟೇ ತೂಗಿದ. 'ಅರಿವಿ ಬ್ಯಾಡ್ರಿ, ನೀವ ಇಟ್ಗೋರಿ' ಅಂದ. ಏಳು ಕೆಂಪು ಅರಿವೆ ನನ್ನ ಕೈಯಲ್ಲಿ ಉಳಿದವು.

ಎರಡು ತಿಂಗಳ ಮೇಲೆ ಊರಿನ ಮಾಸ್ತರರೊಬ್ಬರು ಫೋನ್ ಮಾಡಿದರು. ನನಗೆ ಎಂಟನೇ ಇಯತ್ತೆಯಲ್ಲಿ ಇತಿಹಾಸ ಕಲಿಸಿದವರು. ಈಗ ನಿವೃತ್ತರು. ಊರಲ್ಲಿ ಹತ್ತು ಹನ್ನೆರಡು ಜನ ಸೇರಿ ಊರಿನ ಹಳೆಯ ಸಂಗತಿ ಕೂಡಿಡುವ ಒಂದು ಬಳಗ ಮಾಡಿಕೊಂಡಿದ್ದೇವೆ ಅಂದರು. ಆಮೇಲೆ ಸಹಜವಾಗಿ ಕೇಳಿದರು. 'ನಿಮ್ಮ ಅಜ್ಜಾರ ದಫ್ತರ ಅಟ್ಟದ ಮ್ಯಾಲ ಇತ್ತಲ್ಲ? ಒಮ್ಮೆ ನೋಡೂಣೇನು?'

ಹುಡುಕಿ ಹೇಳ್ತೀನ್ರಿ ಸರ್ ಅಂದೆ. ಐವತ್ತೆರಡು ವರ್ಷದ ಗಂಡಸು, ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ಸುಳ್ಳು ಹೇಳಿದೆ.

ಆ ಸುಳ್ಳು ಒಂದು ತಿಂಗಳು ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಕಾಡಿತು. ಕೊನೆಗೊಂದು ಭಾನುವಾರ ಬಸ್ ಹತ್ತಿ ಹೋಗಿ ಎಲ್ಲರೆದುರು ಹೇಳಿಬಿಟ್ಟೆ. ಬೈತಾರೆ ಅಂದುಕೊಂಡಿದ್ದೆ. ಮಾಸ್ತರರು ಬೈಯಲಿಲ್ಲ. 'ಎಷ್ಟು ಕಿಲೋ ಆತು?' ಅಂತ ಕೇಳಿದರು. ಹೇಳಿದೆ. ಕಪಾಟಿನಿಂದ ಒಂದು ಉದ್ದನೆಯ ವಹಿ ತೆಗೆದು, ತಾರೀಖು ಹಾಕಿ ಬರೆದರು: 'ಹತ್ತಿ ವ್ಯಾಪಾರದ ಲೆಕ್ಕದ ಕಾಗದ, ಏಳು ಗಂಟು, 41 ಕಿಲೋ. ರದ್ದಿಗೆ ಹೋಗಿದೆ.' ನನ್ನ ಹೆಸರು ಬರೆಯಲಿಲ್ಲ. ಅದು ಕಳೆದದ್ದರ ವಹಿ. ನನ್ನದು ಅದರಲ್ಲಿ ಹದಿನೇಳನೇ ನಮೂದು. ಹದಿನಾರನೆಯದು ಒಂದು ಫೋಟೋ ಸ್ಟುಡಿಯೋದ ಗಾಜಿನ ನೆಗೆಟಿವ್‌ಗಳು. ತೊಳೆದು ಕಿಟಕಿಗೆ ಹಾಕಿಸಿಕೊಂಡಿದ್ದರಂತೆ.

ಅವತ್ತಿನಿಂದ ನಾನೂ ಬಳಗದವನು.

ಬಳಗ ಅಂದರೆ

ಬಳಗ ಅಂದರೆ ದೊಡ್ಡದೇನಲ್ಲ. ಸಂಘ ಸಂಸ್ಥೆಗಳ ಕಾಯ್ದೆಯಲ್ಲಿ ನೋಂದಣಿಗೆ ಕನಿಷ್ಠ ಏಳು ಜನ ಬೇಕು. ನಮ್ಮಲ್ಲಿ ಹನ್ನೊಂದು ಜನ ಇದ್ದೇವೆ, ಆದರೂ ನೋಂದಣಿ ಆಗಿಲ್ಲ. ಅಧ್ಯಕ್ಷರು ಯಾರಾಗಬೇಕು ಅನ್ನೋದು ತೀರ್ಮಾನ ಆಗಿಲ್ಲ, ಅದಕ್ಕೆ. ಕೂಡುವುದು ಒಬ್ಬ ಟೇಲರ್ ಅಂಗಡಿಯಲ್ಲಿ, ಭಾನುವಾರ ಅದಕ್ಕೆ ಸೂಟಿ. ಮಾಸ್ತರರು, ಆ ಟೇಲರ್, ನಿವೃತ್ತ ಬಸ್ ಕಂಡಕ್ಟರ್, ಮೊಬೈಲ್ ರಿಪೇರಿ ಹುಡುಗ, ಧಾರವಾಡದಲ್ಲಿ ಇತಿಹಾಸ ಎಂ.ಎ. ಓದುವ ಹುಡುಗಿ, ಹೀಗೆ. ಜಮಾಖರ್ಚು ತೆಗೆದು ನೋಡಿದರೆ ಮೊದಲ ವರ್ಷ ಅತಿ ಜಾಸ್ತಿ ಖರ್ಚಾದದ್ದು ಶಾಲಿಗೆ. ಯಾರಾದರೂ ಊರಿಗೆ ಬಂದರೆ ಸನ್ಮಾನ. ಶಾಲು, ಹಾರ, ಒಂದು ಬುಟ್ಟಿ ಹಣ್ಣು. ಎರಡನೇ ವರ್ಷ ಕಂಡಕ್ಟರ್ ತಕರಾರು ತೆಗೆದರು. 'ಶಾಲಿನ ರೊಕ್ಕದಾಗ ಒಂದು ಕಬ್ಬಿಣದ ಕಪಾಟ ಬರತಿತ್ತಲ್ರಿ.' ಈಗ ಕಪಾಟು ಇದೆ, ಶಾಲು ಇಲ್ಲ.

ತಪ್ಪು ಮಾಡಿಯೇ ಕಲಿತದ್ದು ಹೆಚ್ಚು. ಯಾರೋ ಕೊಟ್ಟ ಒಂದು ಹಳೆ ಪತ್ರವನ್ನು ಕಾಳಜಿಯಿಂದ ಲ್ಯಾಮಿನೇಶನ್ ಮಾಡಿಸಿದೆವು. ಚಂದ ಕಂಡಿತು. ಆಮೇಲೆ ಎಂ.ಎ. ಹುಡುಗಿ ತನ್ನ ಪ್ರಾಧ್ಯಾಪಕರನ್ನು ಕೇಳಿ ಬಂದು ಹೇಳಿದಳು. ಹಳೆ ಕಾಗದಕ್ಕೆ ಲ್ಯಾಮಿನೇಶನ್ ಅಂದರೆ ಜೀವಂತ ಸಮಾಧಿ, ಬಿಸಿಗೆ ಅಂಟಿಕೊಂಡ ಪ್ಲಾಸ್ಟಿಕ್ ಮತ್ತೆ ಬಿಡಿಸೋಕೆ ಬರೋದಿಲ್ಲ. ಸೆಲೋಟೇಪೂ ಬೇಡ, ಗುಂಡುಸೂಜಿಯೂ ಬೇಡ. ಪಿನ್ ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತೆ. ಆ ಪತ್ರವೂ ಕಳೆದದ್ದರ ವಹಿಗೆ ಹೋಯಿತು, ಕಪಾಟಿನಲ್ಲೇ ಇದ್ದರೂ.

ಕಲ್ಲಿನ ಹೆಮ್ಮೆ

ನಮ್ಮೂರವರಿಗೆ ಇತಿಹಾಸ ಅಂದ ತಕ್ಷಣ ನೆನಪಾಗೋದು ಊರಿನ ಹಳೆಯ ಹೆಸರು, ಪುಲಿಗೆರೆ. ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ಯಾವ ಸೀಮೆಯದು ಅಂತ ಹೇಳುವಾಗ ಕಿಸುವೊಳಲು, ಕೊಪಣ, ಒಂಕುಂದದ ಜೊತೆ ನಮ್ಮ ಪುಲಿಗೆರೆ ಹೆಸರಿದೆ. ಪಂಪ ತಾನು ಬರೆದದ್ದು ಪುಲಿಗೆರೆಯ ತಿರುಳ ಕನ್ನಡದಲ್ಲಿ ಅಂದ. ಇದನ್ನು ಊರಿನ ಮಗು ಕೂಡ ಹೇಳುತ್ತೆ. ಯಾವ ಭಾಷಣವೂ ಇದಿಲ್ಲದೆ ಶುರುವಾಗಲ್ಲ. ಸೋಮೇಶ್ವರ ಗುಡಿ ಇದೆ, ಶಂಖ ಬಸದಿ ಇದೆ, ಆದಿಲಶಾಹಿ ಕಾಲದಲ್ಲಿ, 1617ರಲ್ಲಿ, ಅಂಕುಶಖಾನ ಕಟ್ಟಿಸಿದ ಜುಮ್ಮಾ ಮಸೀದಿ ಇದೆ. ಇವೆಲ್ಲ ಸುಮಾರು ಒಂದು ತಾಸಿನ ಕಾಲ್ನಡಿಗೆಯಲ್ಲಿ ಮುಗಿಯುವಷ್ಟು ಹತ್ತಿರ.

ನಾನು ಹೋದ ಹೊಸದರಲ್ಲಿ ಬಳಗದ ಕೆಲಸವೆಲ್ಲ ಕಲ್ಲಿನದೇ. ಯಾವ ಶಾಸನ ಎಲ್ಲಿದೆ, ಯಾರು ಬಣ್ಣ ಬಳಿದರು, ಯಾರು ಚಪ್ಪರದ ಗಳ ಕಟ್ಟಿದರು, ಇದೇ ಚರ್ಚೆ. ಮಾಸ್ತರರಿಗೆ ದಾನಶಾಸನಗಳ ಕೊನೆಯ ಶಾಪಶ್ಲೋಕ ಬಾಯಿಪಾಠ. 'ಸ್ವದತ್ತಂ ಪರದತ್ತಂ ವಾ' ಅಂತ ಶುರು ಮಾಡಿ ಕಣ್ಣು ಮುಚ್ಚಿ ಹೇಳುತ್ತಿದ್ದರು. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳ ಆಗಿ ಹುಟ್ಟುತ್ತಾನೆ. ನಾವೆಲ್ಲ ನಗುತ್ತಿದ್ದೆವು. ಟೇಲರ್ ಪ್ರತಿ ಸಲ ಹೊಸ ಲೇಔಟ್ ಮಾಡಿದವರ ಹೆಸರು ತೆಗೆಯುತ್ತಿದ್ದರು.

ನನಗೆ ನಿಧಾನಕ್ಕೆ ಒಂದು ಅನುಮಾನ ಬಂತು. ಈ ಕಲ್ಲುಗಳಿಗೆ ನಿಜಕ್ಕೂ ನಾವು ಬೇಕಾ? ಇವನ್ನು ಬೇರೆಯವರು ಎಂದೋ ಓದಿ ಮುಗಿಸಿದ್ದಾರೆ. 1824ರಲ್ಲಿ ಕಿತ್ತೂರಿನಲ್ಲಿ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಜೀವಂತ ಬಿಡುಗಡೆಯಾದ. ಆಮೇಲೆ ಅದೇ ಮನುಷ್ಯ ಈ ಸೀಮೆಯಲ್ಲಿ ತಿರುಗಿ ಐನೂರಕ್ಕೂ ಹೆಚ್ಚು ಶಾಸನಗಳ ನಕಲು ಮಾಡಿಸಿದ. ಮುಂದೆ ಫ್ಲೀಟ್ ಅನ್ನೋ ಇನ್ನೊಬ್ಬ ಇಂಗ್ಲಿಷ್ ಅಧಿಕಾರಿ ಬಂದ. ಅವನು 1870ರ ದಶಕದಲ್ಲೇ ಲಕ್ಷ್ಮೇಶ್ವರದ ಶಾಸನ ಅಚ್ಚು ಹಾಕಿಸಿದ. (ಸಂಗೊಳ್ಳಿ ರಾಯಣ್ಣನ ಲಾವಣಿ ಬರೆದುಕೊಂಡವನೂ ಅವನೇ. ರಾಯಣ್ಣನನ್ನು ಗಲ್ಲಿಗೆ ಹಾಕಿದ ಸರಕಾರದ ನೌಕರ ರಾಯಣ್ಣನ ಹಾಡು ಉಳಿಸಿದ ಅನ್ನೋದು ನನಗೆ ಯಾವಾಗ ನೆನಪಾದರೂ ಒಂಥರಾ ಆಗುತ್ತೆ.) ಆಮೇಲೆ 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆಯಿತು. ಅಂದರೆ ನಾಳೆ ಬೆಳಗ್ಗೆ ಒಂದು ಶಾಸನದ ಮೇಲೆ ಲಾರಿ ಹಾಯ್ದರೂ ಅದರ ಮಾತು ಪುಸ್ತಕದಲ್ಲಿ ಉಳಿದಿದೆ. ಅವ್ವ ಕುಂಕುಮ ಹಚ್ಚಿದ ಆ ಏಳು ಗಂಟಿಗೆ ಯಾವ ಫ್ಲೀಟೂ ಬಂದಿರಲಿಲ್ಲ.

ಇದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಕಂಡಕ್ಟರ್ ನನ್ನನ್ನೊಮ್ಮೆ ನೋಡಿ, 'ನಿಮಗ ತಪ್ಪಿನ ಭಾರ ಆಗೇತಿ, ಅದಕ್ಕ ಕಲ್ಲಿನ ಮ್ಯಾಲ ಸಿಟ್ಟು' ಅಂದರು. ಅದೂ ಸುಳ್ಳಲ್ಲ.

ಒಗೆಯೋ ಕಲ್ಲು

ಹಾಗಂತ ಕಲ್ಲಿನ ಕೆಲಸದಲ್ಲಿ ಸುಖ ಇಲ್ಲ ಅಂತಲ್ಲ. ಒಂದು ಸಂಜೆ ಮಾತ್ರ ನಾನು ಸಾಯೋವರೆಗೂ ಮರೆಯಲ್ಲ.

ಮೊಬೈಲ್ ಹುಡುಗ ಸುದ್ದಿ ತಂದಿದ್ದ. ಅವನ ಗೆಳೆಯನ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಇದೆ, ಅದರ ಒಂದು ಅಂಚಿನಲ್ಲಿ ಕುದುರೆ ಕಾಲಿನ ಹಾಗೆ ಏನೋ ಕಾಣುತ್ತೆ ಅಂತ. ಹೋದೆವು. ಕಲ್ಲು ಬೋರಲು ಬಿದ್ದಿತ್ತು. ಮೇಲ್ಗಡೆ ಸಾಬೂನು ತಿಂದು ಹೊಳಪು ಬಂದಿತ್ತು. ಮನೆಯ ಆಯಿಗೆ ಎಂಬತ್ತು ದಾಟಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಪಕ್ಕ ನಿಂತರು, ಕಾವಲಿಗೆ ನಿಂತ ಹಾಗೆ.

'ಇದರ ಮ್ಯಾಲ ನಮ್ಮತ್ತಿ ಒಗದಾಳ, ನಾ ಒಗದೇನಿ. ಸೊಸಿ ಮಶೀನ್ ತಂದಾಳ, ಇರವಲ್ದ್ಯಾಕ. ನೀವು ಇದನ್ನ ಹೊತಗೊಂಡು ಹೋದ್ರ ನಾ ಎಲ್ಲಿ ಒಗೀಲಿ?'

ಇದು ವೀರಗಲ್ಲು ಇರಬಹುದು ಆಯಿ, ಬಹಳ ಹಳೇದು ಅಂತ ಮಾಸ್ತರರು ಅರ್ಧ ತಾಸು ಹೇಳಿದರು. ಆಯಿ ಎಲ್ಲ ಕೇಳಿ, 'ಹಳೇದಂತ ನನಗೂ ಗೊತ್ತೈತಿ, ನಾನೂ ಹಳೇಕಿ' ಅಂದರು. ಕೊನೆಗೆ ಒಪ್ಪಂದ ಆಯಿತು. ಕಲ್ಲು ಹಿತ್ತಲು ಬಿಟ್ಟು ಹೋಗಬಾರದು. ಅದನ್ನು ಗೋಡೆಗೆ ಆನಿಸಿ ನಿಲ್ಲಿಸಬೇಕು. ಬದಲಿಗೆ ಒಂದು ಒಳ್ಳೆ ಕಡಪಾ ಕಲ್ಲು ತಂದು ಹಾಕಬೇಕು. ವರ್ಗಣಿ ಹಾಕಿ ತಂದೆವು.

ಎಂಟು ಜನ, ಎರಡು ಹಾರೆ, ಒಂದು ಹಳೆ ಟ್ರ್ಯಾಕ್ಟರ್ ಟೈರು. ಕಲ್ಲು ಮಗುಚಿದಾಗ ಕೆಳಗಿನಿಂದ ಎರೆಹುಳು, ಒದ್ದೆ ಮಣ್ಣಿನ ವಾಸನೆ, ಒಂದು ಹಿತ್ತಾಳೆ ಗುಂಡಿ. ಬರೀ ನೀರು, ಮೆತ್ತನೆ ಪ್ಲಾಸ್ಟಿಕ್ ಬ್ರಷ್. ತಂತಿ ಬ್ರಷ್ ತಂದವರನ್ನು ಎಂ.ಎ. ಹುಡುಗಿ ಗದರಿಸಿ ಕಳಿಸಿದಳು. ಮಣ್ಣು ಇಳಿದ ಹಾಗೆ ಮೂರು ಪಟ್ಟಿ ಕಂಡವು. ಕೆಳಗೆ ಕಾಳಗ, ಕುದುರೆ, ಪಕ್ಕದಲ್ಲಿ ಎರಡು ಆಕಳು. ನಡುವೆ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುವುದು. ಮೇಲೆ ಶಿವಲಿಂಗದ ಮುಂದೆ ಕೂತ ವೀರ, ಅದರ ಮೇಲೆ ಸೂರ್ಯ ಚಂದ್ರ. ಪಟ್ಟಿಗಳ ನಡುವಿನ ಅಂಚಿನಲ್ಲಿ ಅಕ್ಷರ ಇದ್ದ ಗುರುತು. ಆದರೆ ಹಗಲಿನಲ್ಲಿ ಓದೋಕೆ ಬರಲಿಲ್ಲ. ಬರೀ ಗೀರು.

'ಕತ್ತಲಾಗಲಿ' ಅಂದಳು ಹುಡುಗಿ.

ಕತ್ತಲಾಯಿತು. ಹಿತ್ತಲಿನ ಬಲ್ಬ್ ಆರಿಸಿದೆವು. ಮೊಬೈಲ್ ಹುಡುಗ ಟಾರ್ಚ್ ಹಚ್ಚಿ, ಎದುರಿನಿಂದ ಹಿಡಿಯದೆ, ಕಲ್ಲಿನ ಮೈಗೆ ತಾಗಿಸಿ ಪಕ್ಕದಿಂದ ಹಿಡಿದ. ಅಷ್ಟೇ. ಹಗಲೆಲ್ಲ ಇಲ್ಲದ ಅಕ್ಷರ ನೆರಳು ಹೊತ್ತು ಎದ್ದು ನಿಂತವು. ಯಾರೂ ಮಾತಾಡಲಿಲ್ಲ. ಹುಡುಗಿ ಬೆರಳು ತಾಗಿಸದೆ, ಗಾಳಿಯಲ್ಲೇ ಗೆರೆ ಹಿಡಿದು ಓದಿದಳು. 'ತು... ಱು... ತುಱು. ಇದು ಈಗಿನ ರ ಅಲ್ರಿ, ಶಕಟರೇಫ. ತುಱುವಂ... ಆಮ್ಯಾಲ ಕಾದಿ...' ದನ ಬಿಡಿಸಿಕೊಳ್ಳಲು ಕಾದಿ ಸತ್ತವನು. ಮುಂದೆ ಹೆಸರು ಬರಬೇಕು. ಅಲ್ಲಿಗೆ ಸರಿಯಾಗಿ ಮೂಲೆ ಒಡೆದಿತ್ತು.

'ಯಾರಂತ?' ಆಯಿ ಕೇಳಿದರು.

'ಹೆಸರು ಹೋಗೇತಿ ಆಯಿ.'

'ಮತ್ತ ಇಷ್ಟೊತ್ತು ಏನ್ ಓದಿದ್ರಿ?'

ಈಗ ಆ ಕಲ್ಲಿಗೆ ದಿನಾ ಒಂದು ದಾಸವಾಳ ಬೀಳುತ್ತೆ. ಕಡಪಾ ಕಲ್ಲು ವಿಪರೀತ ನುಣುಪು, ಕೊಳೆ ಹೋಗಂಗಿಲ್ಲ ಅಂತ ಆಯಿ ಇವತ್ತಿಗೂ ದೂರುತ್ತಾರೆ.

ಕಾಗದ ಕೇಳಿದರೆ

ಕಲ್ಲು ಕೇಳಿ ಹೋದರೆ ಚಹಾ ಕೊಡುತ್ತಾರೆ. ಕಾಗದ ಕೇಳಿ ಹೋದರೆ ಬಾಗಿಲು ಅರ್ಧ ಮುಚ್ಚುತ್ತಾರೆ. ಇದು ನನ್ನ ಎರಡು ವರ್ಷದ ಅನುಭವ.

ಕಾಗದದ ಕೆಲಸ ನೋಡಿಕೊಳ್ಳಿ ಅಂತ ಬಳಗ ನನಗೇ ಹಚ್ಚಿತು. ಸುಲಭ ಅಂದುಕೊಂಡಿದ್ದೆ. ಕಾನೂನಿನಲ್ಲೂ ಕಾಗದದ ಕಡೆಗೇ ಒಲವಿದೆ. 1972ರ ಕಾಯ್ದೆ ಪ್ರಕಾರ ಶಿಲ್ಪ ಪ್ರಾಚೀನ ವಸ್ತು ಅನ್ನಿಸಿಕೊಳ್ಳೋಕೆ 100 ವರ್ಷ ಆಗಬೇಕು, ಮಹತ್ವದ ಹಸ್ತಪ್ರತಿ, ದಾಖಲೆಗೆ 75 ಸಾಕು. ಆದರೆ ಮನೆಗಳಲ್ಲಿ ಕಾಗದ ಅಂದರೆ ಆಸ್ತಿ. ಅಣ್ಣತಮ್ಮರ ಪಾಲು, ಬಾಂದಿನ ತಕರಾರು, ಕೋರ್ಟು. ಒಬ್ಬರು ಟ್ರಂಕಿನ ಮೇಲೆ ಕೂತೇ ನನ್ನ ಜೊತೆ ಒಂದು ತಾಸು ಮಾತಾಡಿದರು, ಏಳಲಿಲ್ಲ. ಹೊರಡುವಾಗ ಹೇಳಿದರು. 'ತಪ್ಪು ತಿಳೀಬ್ಯಾಡ್ರಿ. ಹಳೇ ಕಾಗದ ತಗದ್ರ ಹಳೇ ಜಗಳ ಏಳ್ತಾವ.'

ಸಿಕ್ಕರೂ ಓದುವವರು ಬೇಕಲ್ಲ. ನಮ್ಮೂರು 1948ರವರೆಗೆ ಮಿರಜ ಸಂಸ್ಥಾನದಲ್ಲಿತ್ತು. ಆಮೇಲೆ ಮುಂಬೈ ರಾಜ್ಯ, 1956ಕ್ಕೆ ಮೈಸೂರು, 1973ಕ್ಕೆ ಕರ್ನಾಟಕ. ಧಾರವಾಡ ಜಿಲ್ಲೆಯಲ್ಲಿದ್ದದ್ದು 1997ಕ್ಕೆ ಗದಗ ಜಿಲ್ಲೆಗೆ ಬಂತು. ಶಿರಹಟ್ಟಿ ತಾಲ್ಲೂಕಿನಲ್ಲಿದ್ದ ಊರೇ ಈಗ ಒಂದು ತಾಲ್ಲೂಕಾಗಿದೆ. ಒಗೆಯೋ ಕಲ್ಲಿನ ಆಯಿ ಹಿತ್ತಲು ಬಿಟ್ಟು ಕದಲದೆ ಇಷ್ಟೂ ಸರಕಾರ ನೋಡಿದ್ದಾರೆ. ಒಂದೊಂದು ಸರಕಾರ ಬದಲಾದಾಗಲೂ ಊರಿನ ದಫ್ತರ ಒಂದೊಂದು ಊರಿಗೆ ಹೋಯಿತು. ಮನೆಗಳಲ್ಲಿ ಉಳಿದ ಹಳೆಯ ಕಾಗದ ಬಹಳಷ್ಟು ಮೋಡಿಯಲ್ಲಿದೆ. ಕೈ ಎತ್ತದೆ, ಅಕ್ಷರಕ್ಕೆ ಅಕ್ಷರ ಕೊಂಡಿ ಹಾಕಿ ಸರಸರ ಬರೆಯುವ ಮರಾಠಿಯ ಹಳೆಯ ಲಿಪಿ. ಆಗಿನ ಗುಮಾಸ್ತರಿಗೆ ಅದು ನೀರು ಕುಡಿದಷ್ಟು ಸಲೀಸು. ನಮಗೆ ಇರುವೆ ಸಾಲು. ನಮ್ಮ ಬಳಗದಲ್ಲಿ ಸಾವಿರ ವರ್ಷದ ಹಳಗನ್ನಡ ಓದುವವರು ಮೂರು ಜನ ಇದ್ದಾರೆ. ತೊಂಬತ್ತು ವರ್ಷದ ಹಿಂದಿನ ಅಜ್ಜನ ಕಾಗದ ಓದುವವರು ಒಬ್ಬರೂ ಇಲ್ಲ.

ಒಂದೇ ಒಂದು ಹಾಳೆ

ಕೆಂಪು ಅರಿವೆಗಳು ನೆನಪಿವೆಯಲ್ಲ? ಹುಬ್ಬಳ್ಳಿಗೆ ತಂದು ಎಲ್ಲೋ ತುರುಕಿದ್ದೆ. ಹೋದ ವರ್ಷ ನನ್ನ ಹೆಂಡತಿ ಒಗೆಯೋಣ ಅಂತ ಜಾಡಿಸಿದಾಗ ಒಂದರ ಮಡಿಕೆ ಹೊಲಿಗೆಯಿಂದ ನಾಲ್ಕು ಮಡಿಕೆಯ ಹಾಳೆ ಬಿತ್ತು. ಮೋಡಿ. ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು. 41 ಕಿಲೋದಲ್ಲಿ ಉಳಿದದ್ದು ಇದೊಂದೇ.

ಧಾರವಾಡದಲ್ಲಿ ಮೋಡಿ ಬಲ್ಲ ಹಿರಿಯರೊಬ್ಬರು ಸಿಕ್ಕರು. ಮೂರು ವಾರ ತಗೊಂಡರು. ಕನ್ನಡದಲ್ಲಿ ಬರೆದು ಕೊಟ್ಟಾಗ ಮೊದಲ ಸಾಲು ನೋಡಿ ನನಗೆ ನಗು ಬಂತು. ಶಾಸನದ ಹಾಗೇ ಇತ್ತು. ಶಕೆ 1853, ಪ್ರಜೋತ್ಪತ್ತಿ ಸಂವತ್ಸರ, ಮಾರ್ಗಶಿರ. ಅಂದರೆ 1931ರ ಡಿಸೆಂಬರ್. ಮುಂದಿನ ಸಾಲಿಗೆ ನಗು ನಿಂತಿತು. ಅದು ಮುದ್ದತ್ತು ಖರೇದಿ. ನಾಲ್ಕು ಎಕರೆ ಎರಿ ಹೊಲ, 140 ರೂಪಾಯಿ. ಎರಡು ವರ್ಷದಲ್ಲಿ ಅಸಲು ಬಡ್ಡಿ ತೀರಿಸದಿದ್ದರೆ ಹೊಲ ನನ್ನ ಅಜ್ಜನಿಗೆ ಖರೇದಿ ಆದ ಹಾಗೆ. ಚಕ್ಕಬಂದಿ ಓದಿದೆ. ಪೂರ್ವಕ್ಕೆ ಹಳ್ಳ, ಪಡುವಣಕ್ಕೆ ಗಾಡಿ ದಾರಿ. ಆ ಹೊಲ ನನಗೆ ಗೊತ್ತು. ಅದರಲ್ಲಿ ಬೆಳೆದ ಜೋಳದ ಸಿಹಿತೆನೆ ಸುಟ್ಟು ತಿಂದಿದ್ದೇನೆ. ಅಪ್ಪ ಅದನ್ನು ಮಾರಿದ ದುಡ್ಡಿನಲ್ಲೇ ನನ್ನ ಕಾಲೇಜು ಆಯಿತು.

ಹೆಬ್ಬೆಟ್ಟು ಒತ್ತಿದವರ ಮನೆತನದ ಹೆಸರೂ ನನಗೆ ಗೊತ್ತು. ನಮ್ಮದೇ ಓಣಿ. ಅವರ ಮೊಮ್ಮಗ ನನಗಿಂತ ಹತ್ತು ವರ್ಷ ದೊಡ್ಡವರು, ಹಮಾಲಿ ಮಾಡಿ ಬೆನ್ನು ಬಾಗಿದೆ. ಅವ್ವನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು.

ಬಳಗದಲ್ಲಿ ಇಟ್ಟೆ. ಅವತ್ತು ಯಾರೂ ಶಾಪಶ್ಲೋಕ ಹೇಳಲಿಲ್ಲ. ವಹಿಯಲ್ಲಿ ದಾಖಲು ಮಾಡೋಣ, ಆದರೆ ಹೆಸರು ಬೇಡ ಅಂದರು ಟೇಲರ್. ಹೆಸರಿಲ್ಲದಿದ್ದರೆ ಅದು ಇತಿಹಾಸ ಹೆಂಗಾಗುತ್ತೆ ಅಂದಳು ಹುಡುಗಿ. ಅಷ್ಟು ಕಷ್ಟಪಟ್ಟು ಹುಡುಕಿದ ವೀರನ ಹೆಸರು ಒಡೆದು ಹೋಗಿದ್ದಕ್ಕೆ ಮರುಗಿದವರು ನಾವೇ. ಇಲ್ಲಿ ಹೆಸರು ಢಾಳಾಗಿ ಇದೆ, ನಾವೇ ಒಡೆಯೋಕೆ ಹೊರಟಿದ್ದೆವು. ಎರಡು ಭಾನುವಾರ ಇದೇ ಜಗಳ. ಮಾಸ್ತರರು ಕಡೆಗೆ ಅಂದರು. 'ಅವರನ್ನ ಕೇಳೂಣು. ಕಾಗದ ಅವರದೂ ಹೌದಲ್ಲ.'

ಕೇಳಲು ನಾನೇ ಹೋದೆ, ಮಾಸ್ತರರ ಜೊತೆ. ಕಟ್ಟೆ ಮೇಲೆ ಕೂತೆವು. ಕನ್ನಡದ ಪ್ರತಿಯನ್ನು ಅವರ ಮಗಳು ಓದಿದಳು, ನಿಧಾನಕ್ಕೆ, ಶಾಲೆ ಪಾಠದ ಹಾಗೆ. ನಾನು ಅವರ ಮುಖ ನೋಡಲಿಲ್ಲ, ಚಪ್ಪಲಿ ನೋಡುತ್ತಾ ಕೂತಿದ್ದೆ. ಓದು ಮುಗಿದ ಮೇಲೆ ಅವರು ಕೇಳಿದರು.

'ಎಷ್ಟಕ್ಕ ಅಂದಿ?'

'ನೂರಾ ನಲವತ್ತು, ಅಪ್ಪಾ.'

'ಹತ್ತಿ ರೇಟ್ ಬಿದ್ದ ವರ್ಷ ಇರಬೇಕು. ನಮ್ಮ ಅಜ್ಜ ಹೇಳತಿದ್ದ, ಹತ್ತಿ ಕೇಳವ್ರು ಇರಲಿಲ್ಲಂತ.'

ಮೂಲ ಹಾಳೆ ಕೈಗೆ ಕೊಟ್ಟೆ. ಅಕ್ಷರದ ಕಡೆ ನೋಡಲೇ ಇಲ್ಲ. ಹೆಬ್ಬೆಟ್ಟಿನ ಗುರುತಿನ ಮೇಲೆ ತಮ್ಮ ಹೆಬ್ಬೆಟ್ಟು ಇಟ್ಟು ಅಳತೆ ನೋಡಿದರು. ಅವರದು ದೊಡ್ಡದಿತ್ತು. ಚಹಾ ಬಂತು. ಕುಡಿದೆವು. ಹೆಸರು ಹಾಕಬಹುದಾ ಅಂತ ಮಾಸ್ತರರು ಕೇಳಿದರು. ಹಾಕ್ರಿ, ಸುಳ್ಳಲ್ಲಲ್ಲ ಅಂದರು. ಏಳುವ ಹೊತ್ತಿಗೆ ಹಾಳೆ ಮಡಿಸಿ ನನ್ನ ಕೈಗೇ ವಾಪಸ್ ಕೊಟ್ಟರು.

'ನನಗ ಎರಡು ಝೆರಾಕ್ಸ್ ಮಾಡ್ಸಿ ಕೊಡ್ರಿ.'

ಎರಡು ಯಾಕೆ ಅಂತ ನಾನು ಕೇಳಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಮಾಡಿಸಿ, ಸಂಜೆಯ ಬಸ್ಸಿಗೆ ಮೊದಲು ಕೊಟ್ಟು ಬಂದೆ.